ಪುಡಿಗೆ ಮುಂಚಿನ ಹೆಜ್ಜೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಳವೆಬಾವಿಯ ಕಾಲುವೆಯಿಂದ ಹಬೆ ಏಳುತ್ತಿದೆ. ಮಂಡಿಮಟ್ಟದ ಬಿಸಿನೀರಿನಲ್ಲಿ ಒಂದು ಕಪ್ಪು ಕುದುರೆ ಅರೆಗಣ್ಣು ಮುಚ್ಚಿ ನಿಂತಿದೆ. ಪಕ್ಕದಲ್ಲಿ ರಬ್ಬರ್ ಬೂಟು ತೊಟ್ಟ ಲೋರ್ನಾ ಟ್ರಾಂಟರ್ ಒಂದು ಕೈಯಲ್ಲಿ ಚಹಾದ ತಗಡಿನ ಲೋಟ ಹಿಡಿದುಕೊಂಡು, ಇನ್ನೊಂದು ಕೈಯಿಂದ ಕುದುರೆಯ ಮುಂಗಾಲಿನ ಗಂಟು ನೀವುತ್ತಿದ್ದಾರೆ. ನೆಲದಾಳದಿಂದ ಬರುವ ಈ ನೀರಿಗೆ ಬಾವಿಯ ಬಾಯಲ್ಲೇ ಕೈಯಿಟ್ಟರೆ ಚರ್ಮ ಸುಲಿಯುತ್ತದೆ. ಕಾಲುವೆಯ ಉದ್ದಕ್ಕೂ ನಡೆದು, ಅಲ್ಲಲ್ಲಿ ಮೊಣಕೈ ಅದ್ದಿ ನೋಡಿ, ಹಿತವಾದ ಜಾಗವನ್ನು ಅವರು ಎಂದೋ ಹುಡುಕಿಟ್ಟಿದ್ದಾರೆ. ಕೂಸಿನ ಸ್ನಾನಕ್ಕೆ ನೀರಿನ ಹದ ನೋಡುವಂತೆಯೇ ಈಗಲೂ ಒಮ್ಮೆ ಮೊಣಕೈ ಅದ್ದುತ್ತಾರೆ.

ಕುದುರೆಯ ಹೆಸರು ಕೆಟಲ್. ದನ ಕೂಡಿಸುವವರ ಕ್ಯಾಂಪಿನ ಒಲೆಯ ಮೇಲಿನ ಮಸಿಪಾತ್ರೆಯ ಬಣ್ಣ. ‘ಅದು’ ಎಂದರೆ ಲೋರ್ನಾರಿಗೆ ಸಿಟ್ಟು ಬರುತ್ತದೆ, ಹಾಗಾಗಿ ನಾನೂ ‘ಅವನು’ ಎಂದೇ ಬರೆಯುತ್ತೇನೆ. ಅವನಿಗೆ ಇಪ್ಪತ್ತು ದಾಟಿದೆ, ಮುಂಗಾಲಿನ ಗಂಟುಗಳು ಸವೆದಿವೆ.

ನೀರಿನಿಂದ ಹೊರಗೆ ತಂದ ಮೇಲೆ ಲೋರ್ನಾ ಹಗ್ಗ ಬಿಚ್ಚುತ್ತಾರೆ. ಬೇಲಿಯ ಹತ್ತಿರ ಹೋಗಿ ಜೀನನ್ನು ಅಡ್ಡಕಂಬಿಯ ಮೇಲೆ ಇಡುತ್ತಾರೆ. ಆಮೇಲೆ ಅಲ್ಲೇ ಒಂದು ಡ್ರಮ್ಮಿನ ಮೇಲೆ ಕೂತು ಕಾಯುತ್ತಾರೆ. ನಡುವೆ ಇಟ್ಟಿಗೆಯಂತೆ ಗಟ್ಟಿಯಾದ ಜೇಡಿನೆಲ. ಕುದುರೆ ಆ ಕಡೆ, ಜೀನು ಈ ಕಡೆ.

"ಕರೆಯಲ್ಲ ನಾನು," ಅನ್ನುತ್ತಾರೆ. "ಕರೆದ್ರೆ ದಾಕ್ಷಿಣ್ಯಕ್ಕೆ ಬಂದ್ಬಿಡ್ತಾನೆ. ತಾನಾಗಿ ಬರ್ಬೇಕು. ಬರೋವಾಗ ಕಾಲು ಏನ್ ಹೇಳುತ್ತೆ ಕೇಳ್ಬೇಕು. ಪುಡಿ ಹಾಕಿದ್ಮೇಲೆ ಕಾಲು ಬಾಯಿ ಮುಚ್ಕೊಂಡ್ಬಿಡುತ್ತೆ."

ಕೆಟಲ್ ತಲೆ ಎತ್ತುತ್ತಾನೆ. ಜೀನು ನೋಡುತ್ತಾನೆ. ಗಡಿಬಿಡಿಯಿಲ್ಲದೆ ಆ ಗಟ್ಟಿನೆಲವನ್ನು ದಾಟಿ ಬರುತ್ತಾನೆ. ಲೋರ್ನಾ ಕಣ್ಣು ಮುಚ್ಚಿ ಗೊರಸಿನ ಸದ್ದನ್ನು ಆಲಿಸುತ್ತಾರೆ. ಬಂದವನು ಜೀನಿಗೆ ಮೂತಿ ತಾಗಿಸಿ ನಿಂತ ಮೇಲಷ್ಟೇ ಅವರು ಡಬ್ಬಿ ತೆಗೆದು, ನೋವಿನ ಪುಡಿಯನ್ನು ಕಾಕಂಬಿಯಲ್ಲಿ ಕಲಸಿ, ಹೊಟ್ಟಿನ ಜೊತೆ ಬಕೆಟ್ಟಿಗೆ ಹಾಕುತ್ತಾರೆ. ಅವನು ತಿನ್ನುತ್ತಿರುವಾಗ ಹಳೆಯ ಅಂಗಿಯಿಂದ ಹರಿದ ನೀಲಿ ಬಟ್ಟೆಯ ಚೂರೊಂದನ್ನು ಅವನ ಕತ್ತಿನ ಜೂಲಿಗೆ ಕಟ್ಟುತ್ತಾರೆ.

ಇವತ್ತು ಈ ವರ್ಷದ ದನ ಒಟ್ಟುಗೂಡಿಸುವ ಕೆಲಸದ ಕೊನೆಯ ದಿನ. ಕೆಟಲ್‌ನ ಕೊನೆಯ ದಿನವೂ ಆಗಬಹುದು.

ಟಿಂಗಾರಾ ಎಂಬ ಈ ದನ ಸಾಕುವ ಹಿಡುವಳಿಯ ಚಿತ್ರ ನಮ್ಮ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅದರಲ್ಲಿ ದನ ಅಟ್ಟುವ ಹೆಲಿಕಾಪ್ಟರ್ ಇರುತ್ತದೆ. ಅದನ್ನು ಹಾರಿಸುವವನ ಕಪ್ಪು ಕನ್ನಡಕವೂ ಇರುತ್ತದೆ. ಎಲ್ಲರಿಗಿಂತ ಮುಂಚೆ ಎದ್ದು, ರಾತ್ರಿ ಮೇಯಲು ಬಿಟ್ಟ ಕುದುರೆಗಳನ್ನು ಬಯಲಿನಿಂದ ಹೊಡೆದುಕೊಂಡು ಬಂದು, ಗೊರಸು ನೋಡಿ, ಬೆನ್ನು ಸವರಿ, ಯಾವ ಸವಾರನಿಗೆ ಯಾವ ಕುದುರೆ ಎಂದು ತೀರ್ಮಾನಿಸುವ ಹೆಂಗಸಿನ ಚಿತ್ರವನ್ನು ಯಾರೂ ತೆಗೆದಿಲ್ಲ. ನಾನು ಇದೇ ಕ್ಯಾಂಪಿನಲ್ಲಿ ಕೆಲವು ವರ್ಷ ಅಡುಗೆ ಮಾಡಿದವನು. ಅವರು ಕೊಟ್ಟ ಕುದುರೆಯಿಂದ ಬಿದ್ದವರನ್ನು ನಾನು ಕಂಡಿಲ್ಲ, ನನ್ನನ್ನು ಬಿಟ್ಟರೆ. ಅದಕ್ಕೂ ಕುದುರೆ ಕಾರಣವಲ್ಲ ಎಂದು ಅವರು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ.

ಲೋರ್ನಾ ಹುಟ್ಟಿದ್ದು ಇಲ್ಲೇ, ಜಾರ್ಜಿನಾ ನದಿಯ ದಂಡೆಯ ಗುಡಿಸಲುಗಳಲ್ಲಿ. ಈ ಬಯಲು ಅವರ ಅಜ್ಜಂದಿರದು. ಅಪ್ಪ ಟಿಂಗಾರಾದ ಸವಾರ. ಆ ಕಾಲದಲ್ಲಿ ಅವರ ಜನಕ್ಕೆ, ಇಲ್ಲಿಯ ಮೂಲನಿವಾಸಿಗಳಿಗೆ, ಕೂಲಿಯೆಂದರೆ ಹಿಟ್ಟು, ಚಹಾಪುಡಿ, ಸಕ್ಕರೆ. "ಅಪ್ಪ ಬೆಳಿಗ್ಗೆ ಏಳೋವಾಗ ಗೋಡೆ ಹಿಡ್ಕೊಂಡು ಏಳೋರು," ಎಂದು ನೆನೆಯುತ್ತಾರೆ. "ಯಾರೂ ಕೇಳ್ಲಿಲ್ಲ, ಎಲ್ಲಿ ನೋವು ಅಂತ. ಅವ್ರೂ ಹೇಳ್ಲಿಲ್ಲ. ಹೇಳಿದ್ರೆ ಕೆಲ್ಸ ಹೋಗೋದು." ಈ ಮಾತು ಹೇಳುವಾಗ ಅವರು ನನ್ನನ್ನು ನೋಡುವುದಿಲ್ಲ, ಕೆಟಲ್‌ನ ಕಿವಿ ಕೆರೆಯುತ್ತಿರುತ್ತಾರೆ.

ಈಗ ಅವರಿಗೆ ಎಪ್ಪತ್ತರ ಹತ್ತಿರ. ಸೊಂಟಕ್ಕೆ ಅವರೂ ಮಾತ್ರೆ ನುಂಗುತ್ತಾರೆ. ಜೀನು ಏರಲು ಡ್ರಮ್ಮು ಬೇಕು. ಅವರು ಡ್ರಮ್ಮು ಹತ್ತುವಾಗ ಕೆಟಲ್ ಒಂದು ಪಕ್ಕಕ್ಕೆ ವಾಲಿ ನಿಲ್ಲುತ್ತಾನೆ, ಅದನ್ನು ಯಾರೂ ಕಲಿಸಿಲ್ಲ.

ಪುಡಿಯ ಕಥೆ ಶುರುವಾದದ್ದು ಪಶುವೈದ್ಯೆ ಹೆಲೆನ್ ವೋಸ್ ಬಂದಾಗಿನಿಂದ. ಸುಮ್ಮನೆ ನಿಲ್ಲಿಸಿದರೆ ಗಂಟುಗಳು ಬಿಗಿಯುತ್ತವೆ, ಹಗುರಾಗಿ ನಡೆಸುತ್ತಿದ್ದರೆ ಒಳ್ಳೆಯದು, ನೋವಿಗೆ ಇಷ್ಟು ಪುಡಿ, ಮೇವಿನ ಜೊತೆಯಲ್ಲೇ, ಓಟ ಮಾತ್ರ ಬೇಡ ಎಂದು ಆಕೆ ಹೇಳಿದರು. ಲೋರ್ನಾ ಆ ಅಳತೆಯನ್ನು ಇವತ್ತಿನವರೆಗೆ ಮೀರಿಲ್ಲ. "ಜಾಸ್ತಿ ಹಾಕಿದ್ರೆ ಹೊಟ್ಟೆ ಹುಣ್ಣಾಗುತ್ತೆ. ಡಾಕ್ಟ್ರು ಇಷ್ಟು ಅಂದ್ರೆ ಇಷ್ಟೇ." ಆದರೆ ಬೆಳಗಿನ ಪರೀಕ್ಷೆ ಮಾತ್ರ ಅವರದೇ. ಪುಡಿಗೆ ಮುಂಚೆ ಕಾಲು ಏನು ಹೇಳಿತೋ ಅದೇ ಆ ದಿನದ ತೀರ್ಪು. ಕುಂಟಿದರೆ ಆ ದಿನ ರಜೆ. ಪುಡಿ ತಿಂದ ಮೇಲೆ ಕುಣಿದಾಡಿದರೂ ರಜೆಯೇ.

ನೀಲಿ ಬಟ್ಟೆ ಬಂದದ್ದು ಹೋದ ವರ್ಷ, ಡಾರ್ಸಿಯಿಂದಾಗಿ. ಡಾರ್ಸಿ ಇಲ್ಲಿಯ ಸವಾರರಲ್ಲಿ ಗಟ್ಟಿಗ. ಒಂದು ಬೆಳಿಗ್ಗೆ ಅವನ ಕುದುರೆಗೆ ಲಾಳ ಕಳಚಿತ್ತು. ಕೆಟಲ್ ಬೇಲಿಯ ಪಕ್ಕ ನಿಂತಿದ್ದ. ಕುದುರೆಯ ಬಗ್ಗೆ ತಿಳಿಯದವನಾಗಿದ್ದರೆ ಹಾಗೇ ಹತ್ತುತ್ತಿದ್ದ. ಡಾರ್ಸಿ ಹಾಗಲ್ಲ, ಕಾಲು ಮುಟ್ಟಿ ನೋಡಿದ, ನಾಲ್ಕು ಹೆಜ್ಜೆ ನಡೆಸಿ ನೋಡಿದ, ಎಲ್ಲ ನೆಟ್ಟಗಿದೆ ಎಂದು ಖಾತ್ರಿ ಮಾಡಿಕೊಂಡ. ಪುಡಿ ಆಗಲೇ ಮೈಗೆ ಹತ್ತಿದ್ದು ಅವನಿಗೆ ಗೊತ್ತಿರಲಿಲ್ಲ. ಒಂದು ಹೋರಿಯ ಹಿಂದೆ ನಾಗಾಲೋಟದಲ್ಲಿ ಓಡಿಸಿದ. ಸಂಜೆಗೆ ಗಂಟು ಊದಿ, ಕೆಟಲ್ ವಾರಗಟ್ಟಲೆ ಮೇಲೇಳಲು ಕಷ್ಟಪಟ್ಟ.

"ಆಂಟಿ ನನ್ನ ಬೈಲೇ ಇಲ್ಲ," ಎನ್ನುತ್ತಾನೆ ಡಾರ್ಸಿ. "ಬೈದಿದ್ರೆ ಆರಾಮಾಗಿರ್ತಿತ್ತು. ದಿನಾ ಬೆಳಿಗ್ಗೆ ಅವನನ್ನ ನೀರಿಗೆ ನಡೆಸ್ಕೊಂಡು ಹೋಗು ಅಂದ್ರು, ಅಷ್ಟೇ. ಒಂದೊಂದ್ ಹೆಜ್ಜೆಗೂ ಅವನು ನನ್ ಮುಖ ನೋಡೋನು."

ಅಂದಿನಿಂದ ನೀಲಿ ಬಟ್ಟೆ. ಅದು ಜೂಲಿನಲ್ಲಿದ್ದರೆ ಕುದುರೆ ಪುಡಿ ತಿಂದಿದೆ, ನಡಿಗೆ ಮಾತ್ರ. ಕ್ಯಾಂಪಿನಲ್ಲಿ ಇದಕ್ಕೆ ನಗೆಚಾಟಿಕೆ ಕಡಿಮೆಯಿಲ್ಲ. ಕೆಟಲ್‌ಗೆ ಪಿಂಚಣಿದಾರ ಎಂದು ಹೆಸರಿಟ್ಟಿದ್ದಾರೆ. ಆದರೆ ಆ ಬಟ್ಟೆ ಕಟ್ಟಿದ ಕುದುರೆಯನ್ನು ಆಮೇಲೆ ಯಾರೂ ಓಡಿಸಿಲ್ಲ.

ಇಷ್ಟಾದರೂ ಮ್ಯಾನೇಜರ್ ರೋವನ್ ಪೈಕ್‌ಗೆ ಸಮಾಧಾನವಿಲ್ಲ. ಇವರು ಕೆಟ್ಟವರಲ್ಲ, ಮೊದಲೇ ಹೇಳಿಬಿಡುತ್ತೇನೆ. "ನಮ್ಮಣ್ಣ ಒಂದು ಕುದುರೆ ಕೊಂಡಿದ್ದ," ಎಂದು ಅವರು ಚಹಾ ಕುಡಿಯುತ್ತಾ ನನಗೆ ಹೇಳುತ್ತಾರೆ. "ಮಾರಿದೋನು ಪುಡಿ ತಿನ್ಸಿ ನೆಟ್ಟಗೆ ನಡೆಸಿ ತೋರ್ಸಿದ್ದ. ಪುಡಿ ಇಳೀತು, ಓಡ್ತಾ ಇದ್ದ ಹಾಗೇ ಮುಗ್ಗರಿಸ್ತು. ಅಣ್ಣನ ಬೆನ್ನು ಇವತ್ತಿಗೂ ಸರಿಯಿಲ್ಲ. ನೋವು ಮುಚ್ಚಿಟ್ಟು ಮೇಲೆ ಕೂತ್ಕೊಳ್ಳೋದು ನಂಗೆ ಹಿಡಿಸಲ್ಲ."

ಈ ಸಲದ ಕೆಲಸ ಶುರುವಾಗುವ ಮುಂಚೆ ಅವರಿಗೂ ಲೋರ್ನಾರಿಗೂ ಮಾತಿಗೆ ಮಾತು ಬೆಳೆದಿದೆ. ಲೋರ್ನಾ ಅದನ್ನು ಬಚ್ಚಿಡುವುದಿಲ್ಲ. "ಇದು ಅವನಿಗೋಸ್ಕರಾನೋ, ನಿಮಗೋಸ್ಕರಾನೋ ಅಂತ ಕೇಳಿದ್ರು. ಇಬ್ರಿಗೂ ಅಂದೆ. ಸುಳ್ ಯಾಕ್ ಹೇಳ್ಲಿ. ಅವನಿಲ್ದೆ ನಾನು ಬೆಳಿಗ್ಗೆ ಯಾಕ್ ಏಳ್ಲಿ? ಆದ್ರೆ ಒಂದಿನ ಅವನು ಜೀನಿನ ಹತ್ರ ಬರ್ದೇ ಇದ್ರೆ, ಬಂದೂಕು ತನ್ನಿ ಅಂತ ನಾನೇ ಹೇಳ್ತೀನಿ ಅಂತಾನೂ ಅಂದೆ."

ರೋವನ್ ಒಂದು ಅವಕಾಶ ಕೊಟ್ಟಿದ್ದಾರೆ. ಕೆಲಸ ಮುಗಿಯುವುದರೊಳಗೆ ಕೆಟಲ್‌ನಿಂದ ನಿಜವಾದ ಉಪಯೋಗ ಕಂಡರೆ ಅವನು ಇರಲಿ. ಬರೀ ಮುದ್ದಿಗಾಗಿ ಪುಡಿ ತಿನ್ನಿಸುವುದಾದರೆ, ನೀರಿನ ತೊಟ್ಟಿಯ ಹಿಂದೆ ಒಂದು ಗುಂಡು, ಅದೂ ನಾನೇ ಹಾಕುತ್ತೇನೆ, ಬೇರೆಯವರಿಂದ ಮಾಡಿಸುವುದಿಲ್ಲ ಎಂದಿದ್ದಾರೆ. ಈವರೆಗೆ ಹೆಲಿಕಾಪ್ಟರೂ ಮೋಟಾರ್ ಬೈಕುಗಳೂ ಎಲ್ಲ ಕೆಲಸ ಮಾಡಿ ಮುಗಿಸಿವೆ. ಕೆಟಲ್ ಪಕ್ಕದಲ್ಲಿ ನಡೆದದ್ದಷ್ಟೇ.

ಬಿಸಿಲು ಏರುವ ಹೊತ್ತಿಗೆ ದನಗಳ ದೊಡ್ಡ ಗುಂಪು ಹೊಸ ಕಬ್ಬಿಣದ ದೊಡ್ಡಿಯ ಮುಂದೆ ಬಂದಿದೆ. ಬಾಗಿಲು ತೆರೆದಿದೆ. ಬಾಗಿಲಿನ ಕಂಬಿಗಳ ನೆರಳು ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿದೆ. ಮುಂದಿನ ಹಸುಗಳು ಆ ನೆರಳನ್ನು ಮೂಸಿ ನಿಲ್ಲುತ್ತವೆ. ಹಿಂದಿನಿಂದ ಬೈಕುಗಳು ಗುರುಗುಟ್ಟುತ್ತವೆ. ಗುಂಪು ಗಿರ್ರನೆ ತಿರುಗಿ ಬಯಲಿಗೆ ನುಗ್ಗುತ್ತದೆ. ಸವಾರರು ಸುತ್ತುಹಾಕಿ ತಿರುಗಿಸಿ ತರುತ್ತಾರೆ, ಮತ್ತೆ ಅದೇ ಕಥೆ. ಕರುಗಳು ಧೂಳಿನಲ್ಲಿ ತಾಯಿಯನ್ನು ಕಳೆದುಕೊಂಡು ಅರಚುತ್ತಿವೆ. ಇನ್ನೊಮ್ಮೆ ಕೈತಪ್ಪಿದರೆ ವಾರಗಳ ದುಡಿಮೆ ನೀರುಪಾಲು, ಹೆಲಿಕಾಪ್ಟರ್ ಆಗಲೇ ಬೇರೆ ಹಿಡುವಳಿಗೆ ಹಾರಿಹೋಗಿದೆ.

ಲೋರ್ನಾ ಕೆಟಲ್‌ನನ್ನು ಏರಿ, ನಡಿಗೆಯಲ್ಲೇ ರೋವನ್ ಹತ್ತಿರ ಹೋಗುತ್ತಾರೆ.

"ಬೈಕ್ ನಿಲ್ಸೋಕ್ ಹೇಳಿ. ನಾವು ಮುಂದೆ ಹೋಗ್ತೀವಿ."

ರೋವನ್ ಜೂಲಿನ ಬಟ್ಟೆ ನೋಡುತ್ತಾರೆ. "ನೀಲಿ ಇದೆ. ದನ ಚೆದುರಿ ಓಡಿದ್ರೆ ಇವನನ್ನ ಓಡ್ಸೋ ಹಾಗಿಲ್ಲ. ಏನ್ ಮಾಡ್ತೀರಾ?"

"ಓಡ್ಸಲ್ಲ. ಎಲ್ರೂ ಓಡಿದ್ದಾಯ್ತಲ್ಲ ಬೆಳಿಗ್ಗೆಯಿಂದ."

ಬೈಕುಗಳ ಸದ್ದು ನಿಲ್ಲುತ್ತದೆ. ಲೋರ್ನಾ ಬಾಗಿಲಿಗೆ ಮುಖ ಮಾಡಿ, ದನಗಳಿಗೆ ಬೆನ್ನು ಮಾಡಿ, ಲಗಾಮು ಸಡಿಲ ಬಿಟ್ಟು ಕೂರುತ್ತಾರೆ. ಕೆಟಲ್ ಕಾಲುವೆಗೆ ಹೋಗುವವನಂತೆ ನಡೆಯುತ್ತಾನೆ. ಗುಂಪಿನ ಮುಂದಿದ್ದ ಒಂದು ಮುದಿ ಹಸು ಅವನ ಬಾಲ ನೋಡಿಕೊಂಡು ಹೆಜ್ಜೆ ಇಡುತ್ತದೆ. ಅದರ ಹಿಂದೆ ಇನ್ನೊಂದು. ಉಳಿದವು ಕತ್ತು ಚಾಚುತ್ತವೆ.

ಆಗಲೇ ಒಂದು ಕೆಂಪು ಹೋರಿ ಗುಂಪು ಬಿಟ್ಟು ಕೆಟಲ್‌ನ ಪಕ್ಕದಿಂದಲೇ ಹಾರಿ ಬಯಲಿಗೆ ಓಡುತ್ತದೆ. ಕೆಟಲ್‌ನ ಕಿವಿಗಳು ಚೂಪಾಗುತ್ತವೆ, ಕತ್ತು ಎತ್ತರವಾಗುತ್ತದೆ, ಹಿಂಗಾಲು ಮಡಿಚಿ ಚಿಮ್ಮಲು ಸಿದ್ಧನಾಗುತ್ತಾನೆ. ಅವನಿಗೆ ನೋವಿಲ್ಲ ಈಗ. ತಾನು ಮುದುಕ ಎಂಬುದೂ ಮರೆತುಹೋಗಿದೆ. ರೋವನ್ ನೋಡುತ್ತಿದ್ದಾರೆ. ಒಂದು ಹಿಮ್ಮಡಿ ತಾಗಿಸಿದರೆ ಸಾಕು, ಈ ಕುದುರೆ ಏನೆಂದು ಎಲ್ಲರ ಕಣ್ಣ ಮುಂದೆ ತೋರಿಸಿಬಿಡಬಹುದು.

ಲೋರ್ನಾ ಅವನ ಕತ್ತಿನ ಮೇಲೆ ಕೈ ಇಡುತ್ತಾರೆ. "ಬೇಡ ಕಣೋ," ಎಂದದ್ದು ತುಟಿಯಲ್ಲಿ ಕಾಣುತ್ತದೆ. ಕೆಟಲ್ ಒಮ್ಮೆ ಸೀನುತ್ತಾನೆ. ಮತ್ತೆ ನಡಿಗೆಗೆ ಇಳಿಯುತ್ತಾನೆ.

ಹೋರಿ ಅಷ್ಟು ದೂರ ಹೋಗಿ ನಿಲ್ಲುತ್ತದೆ. ಅಟ್ಟಿಸಿಕೊಂಡು ಯಾರೂ ಬಂದಿಲ್ಲ. ಒಂಟಿಯಾಗಿ ಬಯಲಿನಲ್ಲಿ ನಿಂತು ಹಿಂತಿರುಗಿ ನೋಡುತ್ತದೆ. ಅದರ ಬಳಗವೆಲ್ಲ ಒಂದು ಕಪ್ಪು ಕುದುರೆಯ ಹಿಂದೆ ನಿರಾಳವಾಗಿ ಹೋಗುತ್ತಿದೆ. ಸ್ವಲ್ಪ ಹೊತ್ತು ಯೋಚಿಸಿ, ಮುಖ ಸಪ್ಪಗೆ ಮಾಡಿಕೊಂಡು, ಗುಡುಗುಡು ಓಡಿ ಬಂದು ಗುಂಪಿನ ಬಾಲಕ್ಕೆ ಸೇರಿಕೊಳ್ಳುತ್ತದೆ.

ಕೆಟಲ್ ನೆರಳಿನ ಪಟ್ಟೆಗಳನ್ನು ತುಳಿದು ಒಳಗೆ ಹೋಗುತ್ತಾನೆ. ಅವನ ಹಿಂದೆ ಟಿಂಗಾರಾದ ದನಗಳೆಲ್ಲ, ಕರುಗಳೂ, ಆ ಕೆಂಪು ಹೋರಿಯೂ. ಡಾರ್ಸಿ ಬಾಗಿಲು ಎಳೆದು ಕೊಂಡಿ ಹಾಕಿ, ಟೋಪಿಯನ್ನು ಮೇಲಕ್ಕೆಸೆದು ಕೂಗು ಹಾಕುತ್ತಾನೆ. ಬೇಲಿಯ ಮೇಲೆ ಕೂತವರೆಲ್ಲ ಕೂಗುತ್ತಾರೆ. ನಾನೂ ಕೂಗಿದೆ, ಬರೆಯುವವನು ಕೂಗಬಾರದು ಎಂಬ ನಿಯಮ ಆಗ ನೆನಪಿಗೆ ಬರಲಿಲ್ಲ.

"ಪಿಂಚಣಿದಾರ ಅಂತ ಯಾರೋ ಅಂತಿದ್ರಲ್ಲ," ಎನ್ನುತ್ತಾ ಲೋರ್ನಾ ಡ್ರಮ್ಮಿನ ಮೇಲೆ ಇಳಿಯುತ್ತಾರೆ. "ನಡ್ಕೊಂಡೇ ಎಲ್ಲಾನೂ ಒಳಗ್ ಹಾಕ್ದ, ನೋಡಿ."

ಸಂಜೆ ಬೆಂಕಿಯ ಸುತ್ತ ಕೆಂಡದ ರೊಟ್ಟಿ, ಹುರಿದ ಮಾಂಸ. ಡಾರ್ಸಿ ಒಂದು ನೀಲಿ ಬಟ್ಟೆ ಹರಿದು ತಂದು ಲೋರ್ನಾರ ಟೋಪಿಗೆ ಕಟ್ಟುತ್ತಾನೆ. "ಆಂಟೀನೂ ಮಾತ್ರೆ ತಿಂದಿದಾರೆ, ಯಾರೂ ಓಡ್ಸ್ಬೇಡಿ." ಅವರು ಅದನ್ನು ಬಿಚ್ಚುವುದಿಲ್ಲ. ರೋವನ್ ಎದುರು ಬಂದು ಕೂರುತ್ತಾರೆ. ಬಂದೂಕಿನ ಮಾತು ಎತ್ತುವುದಿಲ್ಲ. ಅದು ಮುಗಿದಿದೆ ಎಂದು ಎಲ್ಲರಿಗೂ ತಿಳಿದಿದೆ.

"ನಾಳೆ ದೊಡ್ಡೀಲಿ ದನ ವಿಂಗಡಿಸೋವಾಗ್ಲೂ ಅವನನ್ನ ಮುಂದೆ ನಡೆಸ್ತೀರಾ?" ಎಂದು ಕೇಳುತ್ತಾರೆ.

"ಬೆಳಿಗ್ಗೆ ಕೇಳಿ," ಎನ್ನುತ್ತಾರೆ ಲೋರ್ನಾ. "ಅವನು ಏನಂತಾನೋ ನೋಡೋಣ."

ನಿಮಗೇನು ಬೇಕು ಎಂದು ನಾನು ಕೇಳುತ್ತೇನೆ. ಇಂಥ ಲೇಖನಕ್ಕೆ ಆ ಪ್ರಶ್ನೆ ಇರಲೇಬೇಕು. ಅವರು ರೊಟ್ಟಿ ಅಗಿಯುತ್ತಾ ಯೋಚಿಸುತ್ತಾರೆ. "ನಾನಿಲ್ದಾಗ, ಪುಡಿಗೆ ಮುಂಚೆ ಅವನ ಕಾಲು ಕೇಳೋರು ಒಬ್ರು ಬೇಕು. ಇನ್ನೇನೂ ಇಲ್ಲ."

ಮರುದಿನ ಬೆಳಗಿನ ಜಾವ ಕಾಲುವೆಯ ಹಬೆಯಲ್ಲಿ ಮೂರನೆಯವರೊಬ್ಬರು ಇದ್ದಾರೆ. ರೋವನ್. ಟೋಪಿ ಕೈಯಲ್ಲಿ ಹಿಡಿದು, ಬೇಲಿಗೆ ಒರಗಿ ನಿಂತಿದ್ದಾರೆ. ಲೋರ್ನಾ ಜೀನನ್ನು ಕಂಬಿಯ ಮೇಲೆ ಇಟ್ಟು ಡ್ರಮ್ಮಿನ ಮೇಲೆ ಕೂರುತ್ತಾರೆ. ಕೆಟಲ್ ತಲೆ ಎತ್ತಿ, ಜೀನು ನೋಡಿ, ಹೊರಡುತ್ತಾನೆ. ಗಟ್ಟಿನೆಲದ ಮೇಲೆ ಗೊರಸಿನ ಸದ್ದು. ಲೋರ್ನಾರಿಗೆ ಕೇಳಿಸಿದೆ, ಅವರ ಹುಬ್ಬು ನೋಡಿದರೆ ಗೊತ್ತಾಗುತ್ತದೆ. ಅವರು ರೋವನ್ ಕಡೆ ತಿರುಗುತ್ತಾರೆ. ಕಾಯುತ್ತಾರೆ.

"ಎಡಗಾಲು ಎಳೀತಿದಾನೆ," ಎನ್ನುತ್ತಾರೆ ರೋವನ್, ತಗ್ಗಿದ ದನಿಯಲ್ಲಿ. "ಇವತ್ತು ಬೇಡ ಆಂಟಿ. ದನ ನಾವೇ ನೋಡ್ಕೊತೀವಿ."

ಕೆಟಲ್ ಬಂದು ಜೀನಿಗೆ ಮೂತಿ ತಾಗಿಸುತ್ತಾನೆ. ಲೋರ್ನಾ ಎದ್ದು ಅವನ ಹಣೆ ಸವರುತ್ತಾ ನಮಗೆ ಬೆನ್ನು ಮಾಡಿ ನಿಲ್ಲುತ್ತಾರೆ.

"ಪುಡಿ ಕೊಡಿ ಅವನಿಗೆ," ಎನ್ನುತ್ತಾ ರೋವನ್ ಕಂಬಿಯ ಮೇಲಿನ ಜೀನನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. "ಇದನ್ನ ನಾನು ಒಳಗಿಡ್ತೀನಿ."