ಪರಂಗಿ ಹಣ್ಣಿನ ಮದುವೆ

ಗುಂಡ್ಲುಪೇಟೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್, ಮದುವೆ ವೀಡಿಯೋ, ಎಲ್ಲಕ್ಕೂ ಸುಧಾಕರ್ ಎಂಬ ನಾನೊಬ್ಬನೇ. ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸದರಲ್ಲಿ, ಅಂದರೆ 2008ರಲ್ಲಿ, ಎರಡು ಕಂಪ್ಯೂಟರ್ ತಂದಿಟ್ಟು ಮಧ್ಯೆ ಪ್ಲೈವುಡ್ ಅಡ್ಡ ಹಾಕಿ 'ಇಂಟರ್‌ನೆಟ್' ಎಂದು ಬೋರ್ಡನ್ನೂ ತಗುಲಿಸಿದೆ. ಬರುತ್ತಿದ್ದವರು ಎರಡೇ ಬಗೆ. ರಿಸಲ್ಟ್ ನೋಡಿ ಅಳುವವರು, ಕೆಲಸವಿಲ್ಲದೆ ಕೂತು ನಗುವವರು. ಇಬ್ಬರನ್ನು ಕಂಡರೂ ನನಗೆ ಮೈ ಉರಿಯುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಮೂವತ್ತರ ಆಸುಪಾಸಿನ ಹೆಂಗಸೊಬ್ಬರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ನನ್ನ ಅಂಗಡಿಯಲ್ಲಿ ಚಪ್ಪಲಿ ಬಿಡುವವರು ಯಾರೂ ಇರಲಿಲ್ಲ. ಕಂಪ್ಯೂಟರ್ ಕಡೆ ಬೆರಳು ತೋರಿಸಿ, "ಸಾರ್, ಇದ್ರೊಳಗೆ ಒಂದು ಸ್ಕೂಲ್ ಅದಂತೆ, ತೋರ್ಸಿ ಒಸಿ" ಎಂದರು.

ಇವರೇ ತೆರಕಣಾಂಬಿಯ ಮರಿತಾಯಮ್ಮ. ತವರು ಭೀಮನಬೀಡು. ಪಿಯುಸಿ ಪಾಸಾದ ವರ್ಷವೇ ಮದುವೆ. ಗಂಡ ಮಲ್ಲಿಕಾರ್ಜುನಸ್ವಾಮಿಗೆ ಅರಿಸಿನದ ಬೇಸಾಯ. ಊರಿನ ಖಾಸಗಿ ಶಾಲೆಯಲ್ಲಿ ಮರಿತಾಯಮ್ಮನದು ಆಯಾ ಕೆಲಸ: ಮಕ್ಕಳ ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಬಿದ್ದವರನ್ನು ಎತ್ತುವುದು. ಎಲ್‌ಕೆಜಿ ಟೀಚರ್ ಮದುವೆಯಾಗಿ ಹೋದಾಗ ಶಾಲೆಯ ಕಾರ್ಯದರ್ಶಿ ಗಂಗಾಧರಸ್ವಾಮಿಗಳು "ಸದ್ಯಕ್ಕೆ ನೀನೇ ನೋಡ್ಕೊಳಮ್ಮ" ಎಂದರು. ಆ ಸದ್ಯಕ್ಕೆ ಎಂಬುದು ಒಂದು ವರ್ಷ ಎಳೆಯಿತು. ಅಷ್ಟರಲ್ಲಿ ಎಲ್‌ಕೆಜಿ ಮಕ್ಕಳು ಶಾಲೆಗೆ ಬರುವಾಗ ಅಳುವುದನ್ನು ಬಿಟ್ಟು, ಮನೆಗೆ ಹೋಗುವಾಗ ಅಳಲು ಶುರು ಮಾಡಿದ್ದವು. ಆದರೆ ಮುಂದಿನ ಜೂನ್‌ನಿಂದ ತರಬೇತಿ ಆದವರನ್ನೇ ಇಡಬೇಕೆಂದು ಕಮಿಟಿಯವರು ಹಟ ಹಿಡಿದರು. ಸರ್ಟಿಫಿಕೇಟ್ ತಂದರೆ ಎಲ್‌ಕೆಜಿ ನಿನ್ನದು, ಇಲ್ಲವಾದರೆ ಬೇರೆಯವರು ಬರುತ್ತಾರೆ, ನೀನು ಮತ್ತೆ ಆಯಾ ಕೆಲಸಕ್ಕೆ ಎಂದು ಗಂಗಾಧರಸ್ವಾಮಿಗಳು ನೇರವಾಗಿಯೇ ಹೇಳಿದ್ದರು. ಅತ್ತೆಯನ್ನೂ ಮನೆಯನ್ನೂ ಬಿಟ್ಟು ಮೈಸೂರಿನಲ್ಲಿ ವರ್ಷವಿಡೀ ಕೂತು ಓದುವುದು ಆಗದ ಮಾತು. ಆಗ ಪೇಪರಿನಲ್ಲಿ ಕಂಡದ್ದು ಬೆಂಗಳೂರಿನ ಒಂದು ಸಂಸ್ಥೆಯ ಜಾಹೀರಾತು. ಇಂಟರ್‌ನೆಟ್‌ನಲ್ಲೇ ಪಾಠ, ಇಂಟರ್‌ನೆಟ್‌ನಲ್ಲೇ ಪರೀಕ್ಷೆ.

ಹಾಗೆ ಪ್ರತಿ ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ, ಚಾಮರಾಜನಗರದ ಕಡೆಯಿಂದ ಬರುವ ಬಸ್ಸು ಹತ್ತಿ ಮರಿತಾಯಮ್ಮ ಬರತೊಡಗಿದರು. ಮೊದಮೊದಲು ಮೌಸನ್ನು ಬಿಸಿ ಹಂಚನ್ನು ಮುಟ್ಟಿದಂತೆ ಮುಟ್ಟುತ್ತಿದ್ದರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಅರ್ಥವಾಗದ್ದನ್ನು ನನ್ನ ಹತ್ತಿರ ಕೇಳುತ್ತಿದ್ದರು. ನನ್ನ ಇಂಗ್ಲಿಷೋ, ಮದುವೆ ಆಲ್ಬಮ್ಮಿನ ಮೇಲೆ ಹೆಸರು ಹಾಕುವಷ್ಟು. ಇಬ್ಬರೂ ಸೇರಿ ಡಿಕ್ಷನರಿ ತಿರುವಿ ಒಂದೊಂದು ಸಾಲನ್ನೂ ಬಗೆಹರಿಸುತ್ತಿದ್ದೆವು. ಗಿರಾಕಿಗಳು ಬಂದು ನಿಂತರೂ ನಾನು ತಲೆ ಎತ್ತುತ್ತಿರಲಿಲ್ಲ. ನಿಮಗೇ ಪರೀಕ್ಷೆಯೇನೋ ಎಂಬಂತೆ ಆಡುತ್ತೀರಿ ಎಂದು ನನ್ನ ಹೆಂಡತಿ ಛೇಡಿಸುತ್ತಿದ್ದಳು.

ಪಾಠ ಓದುತ್ತಾ ಮರಿತಾಯಮ್ಮ ಕಂಪ್ಯೂಟರ್ ಜತೆ ಜಗಳಕ್ಕೂ ನಿಲ್ಲುತ್ತಿದ್ದರು. "ನೋಡಿ ಸಾರ್, ಮಕ್ಳು ಆಡೋವಾಗ ಟೀಚರ್ ಬಾಯಿ ಹಾಕ್ಬಾರ್ದಂತೆ, ಸುಮ್ನೆ ಕೂತು ನೋಡ್ಬೇಕಂತೆ. ಸುಮ್ನೆ ಕೂತ್ರೆ ನಮ್ಮತ್ತೆ ಸುಮ್ನಿದ್ದಾರಾ?"

ಆ ಅತ್ತೆ ಚಿಕ್ಕನಿಂಗಮ್ಮ. ಸೊಸೆ ಗುಂಡ್ಲುಪೇಟೆಗೆ ಹೋಗಿ ಟಿವಿ ನೋಡಿಕೊಂಡು ಬರುತ್ತಾಳೆ ಎಂದು ವರ್ಷಪೂರ್ತಿ ಗೊಣಗಿದರು. ಹಾಗೆಂದು ಶನಿವಾರದ ಅಡುಗೆಯನ್ನು ಒಂದು ದಿನವೂ ಸೊಸೆಗೆ ಬಿಡಲಿಲ್ಲ. ಬಾಯಿ ಜೋರು, ಕರುಳು ಮೆತ್ತಗೆ, ಅಂಥ ಹೆಂಗಸು.

ಒಂದೊಂದೇ ಪರೀಕ್ಷೆ ದಾಟಿ 2009ರ ಮಾರ್ಚ್ ಹೊತ್ತಿಗೆ ಉಳಿದದ್ದು ಕೊನೆಯದು. ಅವರೇ ಪಾಠ ಮಾಡುವುದನ್ನು ಎಲ್ಲೂ ನಿಲ್ಲಿಸದೆ ವೀಡಿಯೋ ತೆಗೆದು ಕಳಿಸಬೇಕು. ಪಾಠದ ಯೋಜನೆಯನ್ನು ಮೊದಲೇ ಬರೆದು ಕಳಿಸಿರಬೇಕು. ಮರಿತಾಯಮ್ಮ 'ಹಣ್ಣುಗಳ ಪರಿಚಯ' ಎಂದು ಕಳಿಸಿದ್ದರು. ವೀಡಿಯೋ ತಲುಪಲು ಸೋಮವಾರ ಕಡೆಯ ದಿನ. ಭಾನುವಾರ ನನಗೆ ಚಾಮರಾಜನಗರದಲ್ಲಿ ಮದುವೆ ಇತ್ತು. ಹಾಗಾಗಿ ಶನಿವಾರ ಬೆಳಿಗ್ಗೆ ಒಂದೇ ಸಲ, ಕೆಟ್ಟರೆ ಕೆಟ್ಟಿತು.

ಕ್ಯಾಮೆರಾ, ಲೈಟು ಹೊತ್ತು ತೆರಕಣಾಂಬಿಯ ಶಾಲೆಗೆ ಹೋದರೆ ಅಲ್ಲಿ ಜನವೋ ಜನ. ಸೊಸೆಯ ಪರೀಕ್ಷೆಗೆ ವೀಡಿಯೋದವರು ಬರುತ್ತಾರೆಂದು ಚಿಕ್ಕನಿಂಗಮ್ಮ ಊರಿಗೆಲ್ಲ ಸಾರಿಬಿಟ್ಟಿದ್ದಾರೆ. ನಮ್ಮ ಕಡೆ ವೀಡಿಯೋ ಎಂದರೆ ಮದುವೆ, ಮದುವೆ ಎಂದರೆ ವೀಡಿಯೋ. ಜನ ಬೇರೆಡೆ ಅದನ್ನು ಕಂಡವರೇ ಅಲ್ಲ. ಎಲ್‌ಕೆಜಿ ಹೆಣ್ಣುಮಕ್ಕಳೆಲ್ಲ ಜರಿಲಂಗದಲ್ಲಿ, ತಲೆ ತುಂಬ ಕನಕಾಂಬರ. ಗಂಡುಮಕ್ಕಳಿಗೆ ಪಂಚೆ, ಶಲ್ಯ, ಮುಖಕ್ಕೆ ಅರ್ಧ ಡಬ್ಬಿ ಪೌಡರು. ತಾಯಂದಿರು ರೇಷ್ಮೆ ಸೀರೆ ಉಟ್ಟು ಗೋಡೆ ಉದ್ದಕ್ಕೂ ಸಾಲಾಗಿ ನಿಂತಿದ್ದಾರೆ, ಮದುವೆಯಲ್ಲಿ ಕರೆಯುವಂತೆ ಮುಂದೆ ಬಂದು ನಿಲ್ಲಿ ಎಂದು ನಾನು ಕರೆಯುವುದನ್ನೇ ಕಾಯುತ್ತಾ. ಬಾಗಿಲ ಬಳಿ ಚಿಕ್ಕನಿಂಗಮ್ಮ ತಟ್ಟೆ ತುಂಬ ಕುಂಕುಮ, ಎಲೆ ಅಡಿಕೆ ಹಿಡಿದು ಬಂದವರನ್ನು ವಿಚಾರಿಸಿಕೊಳ್ಳುತ್ತಿದ್ದಾರೆ.

"ಇದೇನತ್ತೆ ಇದು?" ಮರಿತಾಯಮ್ಮನ ದನಿ ಅಳುವಿನ ಅಂಚಿನಲ್ಲಿತ್ತು.

"ನಾಕು ಜನ ನೋಡೋ ಕೆಲ್ಸ ಕಣಮ್ಮಿ. ಮಕ್ಳು ಅರ್ಕಲು ಬಟ್ಟೇಲಿ ಬಂದ್ರೆ ನಿನ್ ಮಾನ ಓಗಕಿಲ್ವಾ?"

ಬಟ್ಟೆ ಬದಲಿಸಿ ಎಂದರೆ ಹತ್ತಾರು ತಾಯಂದಿರು ಮುನಿಸಿಕೊಳ್ಳುತ್ತಾರೆ. ಮರಿತಾಯಮ್ಮ ಹಣ್ಣಿನ ಬುಟ್ಟಿಯನ್ನು ನಡುವೆ ಇಟ್ಟು, ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನು ಕ್ಯಾಮೆರಾ ಚಾಲೂ ಮಾಡಿದೆ.

ಮಕ್ಕಳು ಕೈ ಕಟ್ಟಿ, ಉಸಿರು ಬಿಗಿಹಿಡಿದು, ಲೆನ್ಸನ್ನೇ ನೋಡುತ್ತಾ ಕೂತವು. "ಇದು ಯಾವ ಹಣ್ಣು?" ಎಂದರೆ ಉತ್ತರವಿಲ್ಲ. ಬಾಳೆಹಣ್ಣು ಎತ್ತಿದರು, ಪರಂಗಿ ಎತ್ತಿದರು, ಕೇರಳದ ಲಾರಿಯಿಂದ ಇಳಿಸಿಕೊಂಡ ಅನಾನಸನ್ನೂ ಎತ್ತಿದರು. ಒಂದು ಮಗುವಾದರೂ ಬಾಯಿ ಬಿಟ್ಟರೆ ಕೇಳಿ. ಅಲ್ಲಾಡಬೇಡ, ಫೋಟೋ ಕೆಡುತ್ತೆ ಎಂದು ತಾಯಂದಿರು ಮನೆಯಲ್ಲೇ ಹೇಳಿ ಕಳಿಸಿದ್ದರು. ಮರಿತಾಯಮ್ಮನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ವರ್ಷವಿಡೀ ಬಸ್ಸಿಗೆ ಅಲೆದದ್ದು ಕಣ್ಣೆದುರೇ ನೀರುಪಾಲಾಗುತ್ತಿದೆ, ನಾನೇನು ಮಾಡಲಿ? ಕೂಗಿಬಿಡೋಣ ಅನ್ನಿಸಿತು. ಕೂಗಿದರೆ ಅದೂ ರೆಕಾರ್ಡ್ ಆಗುತ್ತದೆ.

ಆಗ ಮುಂದಿನ ಸಾಲಿನಲ್ಲಿದ್ದ ಮಾನಸ ಎಂಬ ಪುಟಾಣಿ ಸುತ್ತಲೂ ಕಣ್ಣಾಡಿಸಿ, ಬೇಸತ್ತು ಕೇಳಿದಳು: "ಮಿಸ್, ಹೆಣ್ಣು ಗಂಡು ಎಲ್ಲಿ?"

ಅವಳ ಪ್ರಶ್ನೆಯಲ್ಲಿ ತಪ್ಪೇನಿತ್ತು? ಲಂಗ ಉಡಿಸಿದ್ದಾರೆ, ಹೂವು ಮುಡಿಸಿದ್ದಾರೆ, ವೀಡಿಯೋದವನು ಬಂದಿದ್ದಾನೆ, ಮದುವೆ ಮಾತ್ರ ಕಾಣೆ.

ಮರಿತಾಯಮ್ಮ ಬುಟ್ಟಿಯ ಕಡೆ ನೋಡಿದರು. ಬೆಂಗಳೂರಿಗೆ ಬರೆದು ಕಳಿಸಿದ ಯೋಜನೆಯನ್ನು ಬಿಟ್ಟರೆ ಮಾರ್ಕು ಹೋಗುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಮಾನಸಳ ಮುಂದೆ ನೆಲದ ಮೇಲೆ ಕೂತುಬಿಟ್ಟರು. "ಅಯ್ಯೋ, ನಂಗೂ ಗೊತ್ತಿಲ್ವಲ್ಲ ಕಣಮ್ಮಿ. ನೀವೇ ಹುಡುಕಿ."

ಕ್ಷಣದಲ್ಲಿ ಬುಟ್ಟಿಗೆ ಹತ್ತು ಕೈ ಬಿದ್ದವು. ಪರಂಗಿ ಹಣ್ಣು ದಪ್ಪಗಿದೆ, ಅದೇ ಗಂಡು. ಅನಾನಸ್ ಹೆಣ್ಣು. ಜುಟ್ಟಿರುವುದು ಹೆಣ್ಣು ಹೇಗಾಗುತ್ತದೆ ಎಂದು ಒಬ್ಬ ತಕರಾರು ತೆಗೆದ. ನಮ್ಮಕ್ಕನಿಗೂ ಜುಟ್ಟಿದೆ ಎಂದು ಇನ್ನೊಬ್ಬಳು ಬಾಯಿ ಮುಚ್ಚಿಸಿದಳು. ಕನಕಾಂಬರವೆಲ್ಲ ತಲೆಯಿಂದ ಇಳಿದು ಅನಾನಸಿಗೆ ಏರಿತು. ಯಾರದೋ ಶಲ್ಯ ಪರಂಗಿಗೆ. ಎರಡು ಬೆಂಚು ಕೂಡಿಸಿ ಚಪ್ಪರವಾಯಿತು. ಅಂಗಳದ ಹೊಂಗೆ ಎಲೆ ತಂದು ಊಟಕ್ಕೆ ಹಾಸಿದರು. ಅಷ್ಟು ಜನಕ್ಕೆ ಎಷ್ಟು ಎಲೆ ಬೇಕೆಂದು ತಾವೇ ಎಣಿಸಿ, ಸಾಲದೆ ಬಂದಾಗ ಮತ್ತೆ ಓಡಿದರು. ವಾಲಗದವರ ಪಾಲಿಗೆ ತಗಡಿನ ಡಬ್ಬ ಸಿಕ್ಕಿತು. ಕ್ಯಾಮೆರಾ ಇದೆಯೆಂಬುದನ್ನೇ ಮಕ್ಕಳು ಮರೆತವು. ಒಬ್ಬನಂತೂ ನನ್ನನ್ನೇ ಪಕ್ಕಕ್ಕೆ ತಳ್ಳಿ, ಇಟ್ಟಿಗೆಯನ್ನು ಕಣ್ಣಿಗೆ ಹಿಡಿದು ವೀಡಿಯೋ ತೆಗೆಯತೊಡಗಿದ.

ಮರಿತಾಯಮ್ಮ ತುಟಿ ಪಿಟಕ್ಕೆನ್ನಲಿಲ್ಲ. ತಡೆದುಕೊಳ್ಳಲಾಗದವರು ಚಿಕ್ಕನಿಂಗಮ್ಮ. "ಲೇಯ್, ಧಾರೆ ಆಗ್ದೆ ಊಟ ಬಡಿಸ್ತಾರಾ? ಯಾವೂರ್ ಮದ್ವೆ ಕಣ್ಲಾ ಇದು!" ಎನ್ನುತ್ತಾ ತಟ್ಟೆ ಸಮೇತ ಒಳಗೆ ನುಗ್ಗಿ ಪರಂಗಿಯ ಹಣೆಗೆ ಕುಂಕುಮ ಇಟ್ಟರು. ತಾಯಂದಿರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಕ್ಯಾಮೆರಾ ಅಲುಗಿತು.

ಭಾನುವಾರ ನಾನು ಚಾಮರಾಜನಗರದ ಛತ್ರದಲ್ಲಿ ಬೆವರು ಸುರಿಸುತ್ತಿದ್ದರೆ, ಮರಿತಾಯಮ್ಮ ನನ್ನ ಸ್ಟುಡಿಯೋದಲ್ಲಿ ಕೂತು ವೀಡಿಯೋ ಇಂಚು ಇಂಚಾಗಿ ಬೆಂಗಳೂರಿಗೆ ಏರುವುದನ್ನು ಕಾಯುತ್ತಿದ್ದರು. ಸಂಜೆ ನಾನು ಮರಳುವ ಹೊತ್ತಿಗೆ ಅದು ಹೋಗಿ ತಲುಪಿತ್ತು. "ಎಂಗೋ ಕಳಿಸ್ಬುಟ್ಟೆ ಸಾರ್. ಪಾಠನೇ ಮಾಡ್ಲಿಲ್ಲ, ಪಾಸ್ ಎಲ್ಲಿಂದ ಮಾಡ್ತಾರೆ" ಎಂದು ಬಸ್ಸಿಗೆ ಹೊರಟರು.

ಎರಡು ವಾರಕ್ಕೆ ವೆಬ್‌ಕ್ಯಾಮಿನಲ್ಲಿ ಮೌಖಿಕ ಪರೀಕ್ಷೆ. ಜತೆಗೆ ಅತ್ತೆಯೂ ಬಂದಿದ್ದರು. ಪರದೆಯ ಮೇಲೆ ಕನ್ನಡಕದ ಮೇಡಂ ಒಬ್ಬರು ಕಾಣಿಸಿಕೊಂಡು ಕನ್ನಡದಲ್ಲೇ ಮಾತಾಡಿದರು. ಮಾತಿಗೂ ತುಟಿಗೂ ಹೊಂದಿಕೆಯಿರಲಿಲ್ಲ, ನಮ್ಮ ಬ್ರಾಡ್‌ಬ್ಯಾಂಡ್ ಅಷ್ಟೇ.

"ಯೋಜನೆಯಲ್ಲಿ ಹಣ್ಣುಗಳ ಪರಿಚಯ ಅಂತಿದೆ. ನೀವು ಅದನ್ನ ಮಾಡಲಿಲ್ಲ" ಎಂದರು ಮೇಡಂ.

"ಇಲ್ಲ ಮೇಡಂ. ಮಗು ಒಂದು ಕೇಳ್ತು. ಅದನ್ನ ಬುಟ್ಟು ಹಣ್ಣು ತೋರ್ಸಕ್ಕೆ ಮನಸ್ಸು ಬರ್ಲಿಲ್ಲ."

"ಯೋಜನೆಗೆ ಇಟ್ಟಿರೋ ಅಂಕ ಕೊಡೋಕಾಗಲ್ಲ."

ಮರಿತಾಯಮ್ಮ ತಲೆ ತಗ್ಗಿಸಿದರು. ನನಗೆ ಆ ಕಂಪ್ಯೂಟರಿನ ವೈರು ಕಿತ್ತುಬಿಡುವಷ್ಟು ಕೋಪ ಬಂತು.

ಮೇಡಂ ಏನನ್ನೋ ತಿರುವಿ ನೋಡಿ ಮತ್ತೆ ಕೇಳಿದರು. "ಇನ್ನೊಂದು ವಿಷಯ. ವೀಡಿಯೋದ ಕೊನೇ ಭಾಗದಲ್ಲಿ ಟೀಚರ್ ಎಲ್ಲೂ ಕಾಣಿಸಲ್ಲ. ಎಲ್ಲಿದ್ರಿ ನೀವು?"

ಮುಗಿಯಿತು ಅಂದುಕೊಂಡೆ. ಮರಿತಾಯಮ್ಮ ಸಣ್ಣ ದನಿಯಲ್ಲಿ ಹೇಳಿದರು. "ಅಲ್ಲೇ ಇದ್ದೆ ಮೇಡಂ, ಮಕ್ಳ ಪಂಕ್ತೀಲಿ. ಅವು ನನ್ನ ಎಳ್ದು ಕೂರ್ಸಿ, ಎಲೆ ಹಾಕಿ, ಮಣ್ಣಿನ ಪಾಯ್ಸ ಬಡ್ಸುದ್ವು. ಎದ್ದೋದ್ರೆ ಬೇಜಾರ್ ಮಾಡ್ಕತವೆ ಅಂತ ಉಣ್ತಾ ಕೂತೆ."

ಪರದೆ ಒಂದು ಗಳಿಗೆ ಹಾಗೇ ನಿಂತುಬಿಟ್ಟಿತು. ಮತ್ತೆ ಅಲುಗಿದಾಗ ಮೇಡಂ ಕನ್ನಡಕ ತೆಗೆದು ನಗುತ್ತಿದ್ದರು. "ಮರಿತಾಯಮ್ಮ, ನಾನು ಮತ್ತೆ ಮತ್ತೆ ಹುಡುಕಿದೆ. ಮಕ್ಕಳ ನಡುವೆ ಯಾರು ಟೀಚರ್ ಅಂತ ಗೊತ್ತಾಗಲೇ ಇಲ್ಲ. ತರಗತಿ ನಡೆಸಿದ್ದಕ್ಕೆ ಪೂರ್ತಿ ಅಂಕ ಕೊಟ್ಟಿದ್ದೀನಿ. ನೀವು ಪಾಸ್."

"ಏನಂತಾರ್ಲಾ?" ಎಂದು ಸ್ಪೀಕರಿನ ಗೊರಗೊರದಲ್ಲಿ ಮಾತು ಹಿಡಿಯಲಾಗದೆ ಚಿಕ್ಕನಿಂಗಮ್ಮ ನನ್ನನ್ನು ತಿವಿದರು. ಹೇಳಿದೆ. ಅವರು ಸೊಸೆಯ ಕಡೆ ಒಮ್ಮೆ ನೋಡಿ, ಪರದೆಯಲ್ಲಿದ್ದ ಮೇಡಮ್ಮಿಗೆ ಎರಡೂ ಕೈ ಮುಗಿದರು. ಮರಿತಾಯಮ್ಮ ಅತ್ತೆಯ ಹೆಗಲಿಗೆ ಒರಗಿ ಅತ್ತರು.

ಜೂನ್ ಮೊದಲ ವಾರ, ಶನಿವಾರ ಅಲ್ಲದ ದಿನ, ಮರಿತಾಯಮ್ಮ ಸಂಜೆ ಬಸ್ಸಿಳಿದು ಸೀದಾ ನನ್ನ ಸ್ಟುಡಿಯೋಗೆ ಬಂದರು. ಅವತ್ತು ಎಲ್‌ಕೆಜಿಗೆ ಹೊಸ ಮಗುವನ್ನು ಸೇರಿಸಲು ಬೇರೆ ಊರಿನ ಹೆಂಗಸೊಬ್ಬಳು ಬಂದಿದ್ದಳಂತೆ. ಇವರು ನೆಲದ ಮೇಲೆ ಮಕ್ಕಳ ಜತೆ ಮರಳು ತುಂಬುತ್ತಾ ಕೂತಿದ್ದರು. ಆಕೆ ಬಾಗಿಲಲ್ಲಿ ನಿಂತು ಕೋಣೆಯೆಲ್ಲ ನೋಡಿ, "ಆಯಮ್ಮ, ಟೀಚರ್ ಎಲ್ಲಿ?" ಎಂದಳಂತೆ.

"ಏನಂದ್ರಿ?" ಎಂದೆ.

"ನಾನೇ ಕಣವ್ವ ಅಂದೆ ಸಾರ್."

ಅಷ್ಟು ಹೇಳಲಿಕ್ಕೆಂದೇ ಬಂದಿದ್ದರು. ಕೂತು ಟೀ ಕುಡಿಯಿರಿ ಎಂದರೂ ಕೇಳದೆ ಮುಂದಿನ ಬಸ್ಸಿಗೇ ತೆರಕಣಾಂಬಿಗೆ ಹೊರಟುಹೋದರು.