ವಸ್ತ್ರದ ಕೆಳಗೆ ನಡುಗಿದ ಕೈ

ಪರಪ್ಪ ಹೆದರುವ ಮನುಷ್ಯ. ಮುಂಬಯಿಯಲ್ಲಿ ಹನ್ನೊಂದು ವರ್ಷ ಬೇರೆಯವರ ಟ್ಯಾಕ್ಸಿ ಓಡಿಸಿದ್ದ. ಎದುರು ಬರುವ ಟ್ರಾಮಿಗೆ ಹೆದರುತ್ತಿರಲಿಲ್ಲ. ಸರಕಾರದ ಕಾಗದ ಕಂಡರೆ ಮಾತ್ರ ಬಾಯಿ ಒಣಗುತ್ತಿತ್ತು. ೧೯೫೬ರ ಒಂದು ಗುರುವಾರ ಅಂಥದೊಂದು ಕಾಗದ ಅವನ ಖಾಕಿ ಅಂಗಿಯ ಕಿಸೆಯಲ್ಲಿತ್ತು. ಅವನ ಹೆಸರಿಗೆ ಟ್ಯಾಕ್ಸಿ ಪರ್ಮಿಟ್ ಮಂಜೂರಾಗಿತ್ತು. ಶನಿವಾರದೊಳಗೆ ಸ್ವಂತ ಗಾಡಿ ತಂದು ತೋರಿಸದಿದ್ದರೆ ಅದು ಪಟ್ಟಿಯಲ್ಲಿ ಅವನ ನಂತರದವನ ಪಾಲಾಗುತ್ತಿತ್ತು.

ಎರಡು ಗಾಡಿಗಳು ಆಗಲೇ ಕೈತಪ್ಪಿದ್ದವು. ಎರಡು ಸಲವೂ ಅವನು ಕೇಳಿದ ಬೆಲೆಯನ್ನು ಪಕ್ಕದಲ್ಲಿ ನಿಂತವರು ಕೇಳಿಸಿಕೊಂಡು ನೂರು ರೂಪಾಯಿ ಮೇಲೆ ಹಾಕಿದ್ದರು. ಅವನ ಹತ್ತಿರ ಇದ್ದದ್ದು ನಾಲ್ಕು ಸಾವಿರ. ಅದರಲ್ಲಿ ಹೆಂಡತಿ ಚಂದ್ರವ್ವನ ಪಾಟಲಿ ಬಳೆ ಮಾರಿದ ಹಣವೂ ಸೇರಿತ್ತು. ಅದರ ಮೇಲೆ ಒಂದು ರೂಪಾಯಿಯೂ ಹುಟ್ಟುವಂತಿರಲಿಲ್ಲ.

ಗ್ರಾಂಟ್ ರೋಡಿನ ಹತ್ತಿರ ಹಳೆಯ ಕಾರು ಮಾರುವ ಸೇಠ್ ಒಬ್ಬನ ಅಂಗಳದಲ್ಲಿ ಒಂದು ಹಿಲ್ಮನ್ ನಿಂತಿತ್ತು. ಪರಪ್ಪ ಬಾನೆಟ್ ತೆಗೆದು ನೋಡಿದ, ಎಂಜಿನ್ ಚಾಲೂ ಮಾಡಿ ಕಿವಿಗೊಟ್ಟ. ಗಾಡಿ ಗಟ್ಟಿಯಾಗಿತ್ತು. ಆದರೆ ಅದನ್ನೇ ನೋಡುತ್ತ ಇನ್ನೊಬ್ಬರು ಬಂದು ನಿಂತರು: ಮಾಟುಂಗಾದಲ್ಲಿ ಹೋಟೆಲಿಟ್ಟಿದ್ದ ಉಡುಪಿಯ ಸದಾನಂದ. ಬಿಳಿ ಪಂಚೆ, ಚಿನ್ನದ ಗುಂಡಿ. ಬಾಯಿಬಿಟ್ಟು ಬೆಲೆ ಹೇಳಿದರೆ ಈ ಗಾಡಿಯೂ ಹೋಯಿತು ಎಂದು ಪರಪ್ಪನಿಗೆ ಖಾತ್ರಿಯಾಯಿತು.

ಪರಪ್ಪನ ತಂದೆ ವಿಜಾಪುರದ ಕಡೆ ದನದ ಸಂತೆಯ ದಲ್ಲಾಳಿ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಗಳ ಮೇಲೆ ವಸ್ತ್ರ ಮುಚ್ಚಿ ಬೆರಳು ಹಿಡಿಯುತ್ತಾರೆ. ಒಂದು ಬೆರಳಿಗೆ ಇಷ್ಟು, ಅರ್ಧ ಬೆರಳಿಗೆ ಅದರ ಅರ್ಧ. ಪರಪ್ಪ ಹೆಗಲ ವಸ್ತ್ರ ತೆಗೆದು ಕೈ ಚಾಚಿದ. ಒಂದು ಕಾಲಕ್ಕೆ ಬಟ್ಟೆ ಬಜಾರಿನಲ್ಲಿ ಇದೇ ರೀತಿ ವ್ಯಾಪಾರ ಮಾಡಿದ್ದ ಸೇಠ್ ನಕ್ಕು ಕೈ ಕೊಟ್ಟ.

ಪರಪ್ಪ ಬೆರಳಿಗೆ ಸಾವಿರದಂತೆ ಮೂರೂವರೆ ಬೆರಳು ಹಿಡಿದ. ಸೇಠ್ ನಾಲ್ಕೂವರೆ ಹಿಡಿದ, ಬಿಡಲಿಲ್ಲ. ಪರಪ್ಪ ಮಾಡಿದ ತಪ್ಪು ಆಗ ಅವನಿಗೆ ತಿಳಿಯಿತು. ವಸ್ತ್ರ ಬೆಲೆಯನ್ನು ಸುತ್ತಲಿನವರಿಂದ ಮುಚ್ಚುತ್ತದೆಯೇ ಹೊರತು ಅಂಜಿಕೆಯನ್ನು ಎದುರಿನವನಿಂದ ಮುಚ್ಚುವುದಿಲ್ಲ.

“ಹಾಥ್ ಕಾಂಪ್ತಾ ಹೈ ತೇರಾ,” ನಿನ್ನ ಕೈ ನಡುಗುತ್ತಿದೆಯಲ್ಲ ಎಂದ ಸೇಠ್, ಎಲ್ಲರಿಗೂ ಕೇಳುವಂತೆ.

ಸದಾನಂದ ಪರಪ್ಪನ ಖಾಕಿ ಅಂಗಿಯನ್ನೂ ಕಿಸೆಯಿಂದ ಇಣುಕುತ್ತಿದ್ದ ಸರಕಾರಿ ಕಾಗದವನ್ನೂ ನೋಡಿದರು. ಅವರ ಹೋಟೆಲಿಗೆ ದಿನವೂ ಟ್ಯಾಕ್ಸಿಯವರು ಬರುತ್ತಿದ್ದುದರಿಂದ ವಿಷಯ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ವಸ್ತ್ರದ ಕೆಳಗಿನ ವ್ಯಾಪಾರ ಕಂಡು ಸಂತೆಯ ಕಡೆಯ ಕನ್ನಡದವನೆಂದು ಗುರುತಿಸಿ, ಸೇಠ್ ಅರಿಯದ ಕನ್ನಡದಲ್ಲಿ ಕೇಳಿದರು: “ಕಾಗದ ಬಂದಿದೆಯಲ್ಲ ಮಾರಾಯ್ರೆ? ಗಡುವು ಯಾವತ್ತಿಗೆ?”

ಶನಿವಾರ ಎನ್ನಹೊರಟ ಪರಪ್ಪ ನಾಲಿಗೆ ಕಚ್ಚಿಕೊಂಡ. ಆ ವಾರದ ಹೆಸರು ಸೇಠ್‌ನ ಭಾಷೆಯಲ್ಲೂ ಅದೇ. ಹೇಳಿದ್ದರೆ ಅವನಿಗೂ ತಿಳಿದುಬಿಡುತ್ತಿತ್ತು.

“ನಾಡಿದ್ದರೀ. ಆ ಮಾತು ಈತಗ ತಿಳದ್ರ ನಾ ಉಳಿಯಾಂಗಿಲ್ಲರೀ.”

“ನಾನು ಹೇಳುದಿಲ್ಲ. ನನ್ನ ಮಕ್ಕಳಿಬ್ಬರನ್ನು ಒಂದು ವರ್ಷ ಶಾಲೆಗೆ ಬಿಡಿ, ಪುಕ್ಕಟೆ. ನಾನು ಈಗಲೇ ಹೊರಟೆ.”

“ಆರ್ ತಿಂಗಳಾ ಮಾಡ್ರಿ, ಅಣ್ಣಾರ.”

“ಕೈಯಿಂದ ಅಲ್ಲಿ ಚೌಕಾಸಿ, ಬಾಯಿಂದ ಇಲ್ಲಿ! ಸಂತೆಯವರೇ ಸರಿ ನೀವು. ಒಂದು ವರ್ಷ.”

ಪರಪ್ಪ ತಲೆಯಾಡಿಸಿದ. ಏನು ಮಾತೆಂದು ಸೇಠ್ ಕೇಳಿದ್ದಕ್ಕೆ ಸದಾನಂದ, ಈ ಎಂಜಿನ್ನಿನ ಸದ್ದು ನನಗೆ ಹಿಡಿಸಲಿಲ್ಲ, ಬೇರೆ ಕಡೆ ನೋಡುತ್ತೇನೆ ಎಂದು ಹಿಂದಿಯಲ್ಲಿ ಹೇಳಿ, ಕೊಡೆ ಹಿಡಿದು ಹೊರಟೇಬಿಟ್ಟರು. ಅವರು ಗೇಟು ದಾಟುತ್ತಿದ್ದಂತೆ ವಸ್ತ್ರದ ಕೆಳಗೆ ಸೇಠ್‌ನ ಹಿಡಿತ ಸಡಿಲವಾಯಿತು. ಪರಪ್ಪ ನಾಲ್ಕು ಬೆರಳು ಹಿಡಿದು ನಿಂತ. ಕೈ ನಡುಗುತ್ತಲೇ ಇತ್ತು, ಬೆರಳು ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಸೇಠ್ ನಾಲ್ಕಕ್ಕೇ ಒಪ್ಪಿ ವಸ್ತ್ರವನ್ನು ತಾನೇ ಎತ್ತಿ ಹಾಕಿದ.

ಸಂಜೆ ಆಂಟಾಪ್ ಹಿಲ್‌ನ ಚಾಳಿನಲ್ಲಿ ನೆರೆಯವರೆಲ್ಲ ಗಾಡಿಯ ಸುತ್ತ ನೆರೆದಿದ್ದರು. ಎಷ್ಟಕ್ಕಾಯಿತೆಂದು ಚಂದ್ರವ್ವ ಕಣ್ಣಲ್ಲೇ ಕೇಳಿದಳು. ಅವನು ವಸ್ತ್ರದ ಕೆಳಗೆ ಅವಳ ನಾಲ್ಕು ಬೆರಳು ಹಿಡಿದ.

“ಮತ್ಯಾಕ ನಡಗತೀರಿ? ಇನ್ನೂ ಏನರೆ ಐತೇನು?” ಎಂದಳು.

ಇತ್ತು. ಸದಾನಂದರ ಮಕ್ಕಳನ್ನು ಒಂದು ವರ್ಷ ಪುಕ್ಕಟೆ ಶಾಲೆಗೆ ಬಿಡುವ ಮಾತಿಗೆ ಅವನ ಲೆಕ್ಕದಲ್ಲಿ ಬೆರಳಿರಲಿಲ್ಲ. ಅದನ್ನು ಬಾಯಿಬಿಟ್ಟೇ ಹೇಳಬೇಕಾಯಿತು.