ಬಾವಿ ಇಲ್ಲದ ಮೂಲೆ

ನಕ್ಷೆಯ ಈಶಾನ್ಯ ಮೂಲೆಯಲ್ಲಿ ಒಂದು ಕೆಂಪು ಗುಡ್ಡ ಎದ್ದಿತ್ತು. ನೋಡಿದವರೆಲ್ಲ ಎಷ್ಟು ಚೆಂದ ಬಂದಿದೆ ಅಂದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕಿದ್ದಕ್ಕೆ ಎದ್ದ ಗುಡ್ಡ ಅದು.

ಕೋವಿಡ್ ಇನ್ನೂ ಪೂರ್ತಿ ತೊಲಗಿರದ ಕಾಲ. ಹರ್ನ್‌ಡನ್‌ನ ನಮ್ಮ ಟೌನ್‌ಹೌಸ್‌ನಲ್ಲಿ ಗಂಡ ಬೇಸ್‌ಮೆಂಟಿನಲ್ಲಿ ಕೂತು ಕೆಲಸ ಮಾಡುತ್ತಿದ್ದರು, ನಾನು ಊಟದ ಟೇಬಲ್ಲಿನ ಮೇಲೆ. ಧಾರವಾಡದಲ್ಲಿ ಭೂಗರ್ಭಶಾಸ್ತ್ರ ಓದಿ, ಮೈಸೂರಿನವರನ್ನು ಮದುವೆಯಾಗಿ, ಅವರ ವೀಸಾದ ಬಾಲ ಹಿಡಿದು ಬಂದವಳು ನಾನು. ಬಂದ ಮೇಲೆ ವರ್ಷಗಟ್ಟಲೆ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ. ಕೊನೆಗೊಮ್ಮೆ ಅನುಮತಿಯ ಕಾರ್ಡ್ ಬಂದಾಗ ರೆಸ್ಯೂಮೆ ಬರೆಯಲು ಕೂತೆ. ಮೇಲೆ ನಾಲ್ಕು ಸಾಲು, ಆಮೇಲೆ ಖಾಲಿ.

ಕೆಲಸ ಕೊಡಿಸುವ ಕನ್ಸಲ್ಟೆನ್ಸಿಯವನೊಬ್ಬ ಫೋನಿನಲ್ಲಿ ಬಹಳ ವಿನಯದಿಂದ ಹೇಳಿದ, "ಮೇಡಂ, ಆ ಗ್ಯಾಪ್ ನಾವೇ ಫಿಲ್ ಮಾಡ್ತೀವಿ. ಎರಡು ಪ್ರಾಜೆಕ್ಟ್ ಸೇರಿಸೋಣ, ರೆಫರೆನ್ಸೂ ನಾವೇ ಕೊಡ್ತೀವಿ. ಎಲ್ಲರೂ ಮಾಡೋದೇ."

"ನಾ ಮಾಡದ ಕೆಲಸ ನಾ ಮಾಡೀನಿ ಅಂತ ನೀವ್ಯಾರ್ರೀ ಹೇಳಾವ್ರು?" ಅಂದು ಫೋನ್ ಇಟ್ಟೆ. ಗಂಡ ತಲೆ ಚಚ್ಚಿಕೊಂಡರು. ಅವರದ್ದು ತಪ್ಪೇನಿಲ್ಲ ಬಿಡಿ, ಇಲ್ಲಿ ಸುತ್ತಮುತ್ತ ನಡೆಯುವುದೇ ಹಾಗೆ. ಆಮೇಲೆ ಹೋದ ಸಂದರ್ಶನಗಳಲ್ಲೆಲ್ಲ ಒಂದೇ ಪ್ರಶ್ನೆ: ಈ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ? ಮನೆಯಲ್ಲಿದ್ದೆ ಅನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹೊರಗೆ ಬಂದು ಕಾರಿನಲ್ಲಿ ಕೂತು ಬಯ್ಯುತ್ತಿದ್ದೆ. ಉಬ್ಬಸದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನೆಬ್ಯುಲೈಸರ್ ಹಿಡಿದು ಕೂತದ್ದು, ಹಿಮ ಬಿದ್ದ ದಾರಿಯಲ್ಲಿ ಉಸಿರು ಬಿಗಿಹಿಡಿದು ಕಾರು ಓಡಿಸಲು ಕಲಿತದ್ದು, ಇದೆಲ್ಲ ಯಾವ ಲೆಕ್ಕದಲ್ಲೂ ಇಲ್ಲವೇ? ಸಿಟ್ಟಿನ ಒಳಗೆ ಅವಮಾನವೂ ಇತ್ತು.

ಅಂತೂ ಅಟ್ಲಾಂಟಾದ ಒಂದು ಸಣ್ಣ ಕಂಪನಿ ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡಿತು. ಕೆಲಸ ಒಪ್ಪಿಗೆಯಾದರೆ ಪರ್ಮನೆಂಟ್, ಇಲ್ಲದಿದ್ದರೆ ಮತ್ತೆ ಅದೇ ಖಾಲಿ. ನನ್ನ ಮೇಲಿನವರು ಅಟ್ಲಾಂಟಾ ಪಕ್ಕದ ಸುವಾನಿಯಲ್ಲಿರುವ ಬೆಂಗಳೂರಿನವರು, ಪಾಪ, ಒಳ್ಳೆಯ ಮನುಷ್ಯ. ಟೆಕ್ಸಾಸಿನ ಒಂದು ತೈಲ ಕಂಪನಿಯ ಬಾವಿಗಳ ಮಾಹಿತಿಯಿಂದ ಕಂಟೂರ್ ನಕ್ಷೆ ಮೂಡಿಸುವ ಪ್ರೋಗ್ರಾಂಗೆ ನಾನು ಸೆಟ್ಟಿಂಗ್ ಕೂರಿಸಬೇಕಿತ್ತು. ಒಂದೊಂದು ಬಾವಿಯಲ್ಲೂ ಮರಳುಗಲ್ಲಿನ ಪದರ ಎಷ್ಟು ಆಳಕ್ಕೆ ಸಿಕ್ಕಿತು ಅನ್ನುವುದಿರುತ್ತದೆ. ಒಂದೇ ಆಳದ ಜಾಗಗಳನ್ನು ಸೇರಿಸಿ ಪ್ರೋಗ್ರಾಂ ಗೆರೆ ಎಳೆಯುತ್ತದೆ. ಎಷ್ಟು ಅಡಿಗೊಂದು ಗೆರೆ, ಎಷ್ಟು ದೂರದ ಬಾವಿಯ ಮಾತು ಕೇಳಬೇಕು, ಯಾವ ಆಳಕ್ಕೆ ಯಾವ ಬಣ್ಣ, ಎಲ್ಲವನ್ನೂ ನಾವೇ ಹೇಳಬೇಕು. ಗೆರೆಗಳು ತೀರಾ ಒತ್ತಾದರೆ ಬಾಚದ ತಲೆಯ ಹಾಗೆ ಕಾಣುತ್ತದೆ, ತೀರಾ ವಿರಳವಾದರೆ ಇರುವ ಗುಡ್ಡವೂ ಮಾಯ. ವಾರಗಟ್ಟಲೆ ತಿದ್ದಿ ತಿದ್ದಿ ಹದಕ್ಕೆ ತಂದಿದ್ದೆ. ಹಳೆಯ ಓದು ಕೈಗೆ ಮರಳುತ್ತಿದ್ದ ಆ ದಿನಗಳಲ್ಲಿ ಎಷ್ಟು ಖುಷಿಯಾಗಿದ್ದೆನೆಂದರೆ ಅನ್ನ ಸೀದದ್ದೂ ಗೊತ್ತಾಗುತ್ತಿರಲಿಲ್ಲ.

ತಕರಾರು ಇದ್ದದ್ದು ಕೊನೆಯ ಟಿಕ್ ಬಗ್ಗೆ. ಅದನ್ನು ಹಾಕಿದರೆ ಬಾವಿಗಳೇ ಇಲ್ಲದ ಕಡೆಗೂ ಪ್ರೋಗ್ರಾಂ ಅಂದಾಜಿನಲ್ಲಿ ಗೆರೆ ಎಳೆದುಕೊಂಡು ಹೋಗುತ್ತದೆ. ಹಾಗೆ ಎದ್ದದ್ದೇ ಆ ಕೆಂಪು ಗುಡ್ಡ. ನೆಲದೊಳಗಿನ ಇಂಥ ಗುಡ್ಡದ ನೆತ್ತಿಯಲ್ಲೇ ಎಣ್ಣೆ ಬಂದು ನಿಲ್ಲುವುದು. ಕಂಡರೆ ಕೊರೆಯುವ ಆಸೆ ಯಾರಿಗೆ ಆಗುವುದಿಲ್ಲ? ಟಿಕ್ ತೆಗೆದರೆ ಆ ಮೂಲೆ ಬರಿ ಬಿಳಿ. ನಾನು ತೆಗೆದಿದ್ದೆ.

"ಮೇಡಂ, ಕ್ಲೈಂಟ್‌ಗೆ ವೈಟ್ ಪ್ಯಾಚ್ ತೋರಿಸಿದ್ರೆ ಸಾಫ್ಟ್‌ವೇರಲ್ಲೇ ಬಗ್ ಇದೆ ಅಂದ್ಕೋತಾರೆ. ನಾಳೆ ಡೆಮೋ. ಟಿಕ್ ಹಾಕ್ಬಿಡಿ, ಪ್ಲೀಸ್," ಅಂದರು ಸುವಾನಿಯವರು.

ಗಂಡನದ್ದೂ ಅದೇ ರಾಗ. "ಅಯ್ಯೋ ಮಾರಾಯ್ತಿ, ಅವ್ರು ಕೇಳಿದ್ದು ಮಾಡ್ಕೊಟ್ಬಿಡು. ಪರ್ಮನೆಂಟ್ ಆದ್ಮೇಲೆ ಬೇಕಾದಷ್ಟು ಜಗಳ ಆಡುವಂತೆ."

"ಅಲ್ಲೆ ಒಂದರೆ ಬಾವಿ ಅದ ಏನ್ರೀ? ಇಲ್ಲದ ಗುಡ್ಡ ನಾ ಹೆಂಗ ತೋರಸ್ಲಿ?"

ನಾಲ್ಕನೇ ಕ್ಲಾಸಿನ ಮಗಳು ಹಣಕಿ ನೋಡಿ, "ಅಮ್ಮಾ, ಇಟ್ ಲುಕ್ಸ್ ಅನ್‌ಫಿನಿಶ್ಡ್," ಅಂದಳು. ಮನೆಯಲ್ಲಿ ಒಬ್ಬರಾದರೂ ನನ್ನ ಪರ ಇರಬಾರದೇ!

ಮರುದಿನ ವಿಡಿಯೋ ಕರೆಯ ಡೆಮೋದಲ್ಲಿ ನಕ್ಷೆ ತೆರೆದೆ. ಟೆಕ್ಸಾಸಿನ ಕಡೆಯ ಹಿರಿಯ ಭೂವಿಜ್ಞಾನಿ ಕನ್ನಡಕ ಸರಿಮಾಡಿಕೊಂಡು, ಆ ಮೂಲೆಗೆ ಏನಾಗಿದೆ ಎಂದು ಕೇಳಿದರು. ಪರದೆಯ ಬದಿಯಲ್ಲಿ ಸುವಾನಿಯವರ ಮೆಸೇಜು ನನಗೊಬ್ಬಳಿಗೇ ಬಂತು: "ಲೋಡ್ ಆಗ್ತಿದೆ ಅಂದ್ಬಿಡಿ." ನನಗೆ ನಗು ಬಂತು, ಹೆದರಿಕೆಯೂ ಆಯಿತು. ಇಲ್ಲಿ ಎಡವಿದರೆ ಮತ್ತೆ ಕಾರಿನಲ್ಲಿ ಕೂತು ಬಯ್ಯುವುದೇ ಗತಿ.

"ಅಲ್ಲಿ ಬಾವಿಗಳಿಲ್ಲ," ಅಂದೆ. ಟಿಕ್ ಹಾಕಿ ತೋರಿಸಿದೆ, ಗುಡ್ಡ ಎದ್ದಿತು. ತೆಗೆದೆ, ಹೋಯಿತು.

"ಅಂದರೆ ಅಲ್ಲಿ ಏನೂ ಇಲ್ಲವೇ?" ಅಂದರು ಅವರು.

"ಏನೂ ಇಲ್ಲ ಅನ್ನುತ್ತಿಲ್ಲ. ಅಲ್ಲಿ ಇನ್ನೂ ಯಾರೂ ನೋಡಿಲ್ಲ, ಅಷ್ಟೇ."

ಕೇಳಿದ್ದು ಬಾವಿಯ ವಿಷಯ. ಆದರೆ ಇಷ್ಟು ಸಂದರ್ಶನಗಳಲ್ಲಿ ನನಗೆ ಹೊಳೆಯದೇ ಹೋದ ಉತ್ತರ ಇದೇ ಆಗಿತ್ತು. ನೀರು ಕುಡಿಯುವ ನೆವದಲ್ಲಿ ಕ್ಯಾಮೆರಾ ಆರಿಸಿದೆ.

ಆ ಹಿರಿಯರು, ಹಾಗಾದರೆ ಬಿಳಿಯಾಗಿಯೇ ಇರಲಿ, ಆ ಟಿಕ್ ತಾನಾಗಿ ಬೀಳದ ಹಾಗೆ ಮಾಡಿ ಅಂದರು. ಸಂಜೆ ಸುವಾನಿಯವರು ಫೋನ್ ಮಾಡಿದರು. "ಏನ್ ಮೇಡಂ, ನನ್ನ ಬಿಪಿ ಏರಿಸ್ಬಿಟ್ರಲ್ಲ ಇವತ್ತು! ಮುಂದಿನ ತಿಂಗಳಿಂದ ಪರ್ಮನೆಂಟ್. ಎಚ್‌ಆರ್‌ಗೆ ಒಂದು ರೆಸ್ಯೂಮೆ ಕಳಿಸಿ."

ಗಂಡ ಬೇಸ್‌ಮೆಂಟಿನಿಂದ ಓಡಿ ಬಂದು, ಮುಖ ಸಪ್ಪಗೆ ಮಾಡಿಕೊಂಡು, "ಆಯ್ತಮ್ಮಾ, ನೀನೇ ಗೆದ್ದೆ," ಅಂದರು. ಇನ್ನೊಂದ್ಸಲ ಅನ್ರಿ, ರೆಕಾರ್ಡ್ ಮಾಡ್ಕೋತೀನಿ ಅಂದೆ. ಕಾಫಿ ಮಾಡಲು ಅವರೇ ಹೋದರು.

ರೆಸ್ಯೂಮೆ ತೆರೆದು ಕೂತೆ. ಮಗಳು ಕುರ್ಚಿಯ ಕೈ ಮೇಲೆ ಹತ್ತಿ ಕೂತು ಓದಿದಳು. ಖಾಲಿ ಜಾಗದ ಮೇಲೆ ಬೆರಳಿಟ್ಟು, "ಅಮ್ಮಾ, ಈ ಇಯರ್ಸ್‌ನಲ್ಲಿ ನಥಿಂಗಾ?" ಅಂದಳು.

"ನಥಿಂಗ್ ಅಲ್ಲ ಪುಟ್ಟಿ. ಅದನ್ನ ಯಾರೂ ನೋಡಿಲ್ಲ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ನಾನು ನೋಡಿದೀನಿ," ಅಂದಳು. "ಅಮ್ಮಾ, ಐ ವಾಸ್ ದೇರ್."